ಅಂಗಡಿಯವನ ನಂಬರಿಲ್ಲದ ಅರ್ಜಿ

ಹಿಂದಿನ ವರ್ಷ ನಮ್ಮ ವಸತಿನಿಲಯದ ಸಂದರ್ಶನಕ್ಕೆ ಕರೆಯಲು ಕುಷ್ಟಗಿ ತಾಲೂಕಿನ ಹುಡುಗಿಯೊಬ್ಬಳ ಅರ್ಜಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಒಬ್ಬ ಗಂಡಸು ಎತ್ತಿದ.

"ಯಾವ ಹುಡಿಗಿರಿ? ನನ್ನ ನಂಬರ್ ಹಾಕಿ ಭಾಳ ಮಂದೀದು ತುಂಬೇನ್ರಿ. ಹೆಸರ ಹೇಳ್ರಿ, ಈ ಕಡೆ ಬಂದ್ರ ಹೇಳ್ತೇನಿ."

ಆತ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯವನು. ಹುಡುಗಿ ಮತ್ತೆ ಅವನ ಅಂಗಡಿಯ ಕಡೆ ಬಂದದ್ದು ಸಂದರ್ಶನ ಮುಗಿದ ಮೇಲೆ. ಆ ಹೊತ್ತಿಗೆ ಅವಳ ಜಾಗ ಇನ್ನೊಬ್ಬಳದಾಗಿತ್ತು. ಕೊಪ್ಪಳದಲ್ಲಿ ಉಳಿದುಕೊಳ್ಳಲು ಬೇರೆ ಆಸರೆಯಿಲ್ಲದ ಕಾರಣ ಆ ವರ್ಷ ಅವಳು ಪದವಿಗೆ ಸೇರಲೇ ಇಲ್ಲ.

ಅಂಗಡಿಯವನನ್ನು ನಾನು ದೂಷಿಸಲಾರೆ. ಅರ್ಜಿ ತುಂಬುವಾಗ ಫೋನಿಗೆ ಓಟಿಪಿ ಬರಬೇಕು. ಮನೆಗಿರುವ ಒಂದೇ ಫೋನು ಅಪ್ಪನ ಜೇಬಿನಲ್ಲಿ ಹೊಲಕ್ಕೆ ಹೋಗಿರುತ್ತದೆ. ಎದುರಿಗೆ ನಿಂತ ತಾಯಿ–ಮಗಳನ್ನು ಬರಿಗೈಯಲ್ಲಿ ಕಳಿಸುವುದು ಸರಿಯಲ್ಲವೆಂದು ಆತ ತನ್ನ ನಂಬರನ್ನೇ ಹಾಕಿ ಕೆಲಸ ಮುಗಿಸಿಕೊಡುತ್ತಾನೆ. ಅದು ಅವನ ಮಟ್ಟಿಗೆ ಉಪಕಾರ. ಗಂಗಾವತಿಯಿಂದ ಯಲಬುರ್ಗಾದವರೆಗೆ ಇದೇ ರೂಢಿ. ಪರಿಣಾಮ ಮಾತ್ರ ಇಷ್ಟು: ನಾವು ಹುಡುಗಿಯರನ್ನು ಕರೆಯುತ್ತೇವೆ, ಅಂಗಡಿ ಉತ್ತರಿಸುತ್ತದೆ.

ಹಳ್ಳಿಗಳಿಂದ ಪದವಿ ಓದಲು ಬರುವ ಹುಡುಗಿಯರಿಗಾಗಿ ನಾವು ಕೆಲವರು ಸೇರಿ ಕೊಪ್ಪಳದಲ್ಲಿ ನಡೆಸುವ ಚಿಕ್ಕ ವಸತಿನಿಲಯವದು. ನಾನು ಕಾರ್ಯದರ್ಶಿ, ನಿವೃತ್ತ ವಕೀಲರೊಬ್ಬರು ಅಧ್ಯಕ್ಷರು. ಆ ಫೋನ್ ಇಟ್ಟ ಮೇಲೆ ನಾನು ಅವರ ಮುಂದೆ ನಿಂತು ಹೇಳಿದೆ: ಬರುವ ವರ್ಷ ಅರ್ಜಿ ನಮ್ಮದೇ ವೆಬ್‌ಸೈಟಿನಲ್ಲಿ ಇರಬೇಕು, ಪ್ರತಿಯೊಬ್ಬ ಹುಡುಗಿಯೂ ಅದನ್ನು ತನ್ನ ಕೈಯಿಂದ ತುಂಬಬೇಕು, ನಾವು ಕರೆದಾಗ ಅವಳೇ ಓಗೊಡಬೇಕು.

ವಕೀಲರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಆದ್ರ ಛಲೋನಽ ಯವ್ವಾ. ಆಗ್ಲಿಲ್ಲಂದ್ರ?"

"ಆಗ್ತೈತ್ರಿ."

"ಆಗ್ಲಿಲ್ಲಂದ್ರ ಅಂಗಡ್ಯಾವ್ರಿಗೇ ಪೂರಾ ಜವಾಬ್ದಾರಿ ಕೊಟ್ಟುಬಿಡೂಣು. ಒಂದು ವರ್ಷ ನಿಂದು. ನೋಡೂಣು."

ಹೀಗೆ ಒಂದು ವರ್ಷದ ಅವಕಾಶ ಸಿಕ್ಕಿತು. ಅದನ್ನು ಕಳೆದುಕೊಳ್ಳುವ ಯೋಚನೆ ನನಗಿರಲಿಲ್ಲ.

ಕಾಲೇಜಿನಲ್ಲಿ ನಾನು ಓದಿದ್ದು ಕಂಪ್ಯೂಟರ್. ಆದರೆ ನನ್ನನ್ನು ತಿದ್ದಿದ್ದು ಚರ್ಚಾಸ್ಪರ್ಧೆಯ ವೇದಿಕೆ. ಒಂದು ಪಕ್ಷ ಹಿಡಿದರೆ ಅದನ್ನು ಕೊನೆಯ ವಾಕ್ಯದವರೆಗೆ ನಡೆಸಿಕೊಂಡು ಹೋಗಬೇಕೆಂಬ ಛಲ ಅಲ್ಲಿಂದ ಬಂದದ್ದು. ಈ ಕೆಲಸದಲ್ಲಿ ನನಗೆ ಜೊತೆಯಾದವಳು ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ಗೆಳತಿ. ನನಗಿಂತ ಕಿರಿಯಳು, ವೃತ್ತಿಯಿಂದಲೇ ವೆಬ್‌ಸೈಟ್ ಕಟ್ಟುವವಳು. ಅವರ ಮನೆಯ ಮುಂಭಾಗ ತಂದೆಯ ಟೇಲರ್ ಅಂಗಡಿ, ಒಳಕೋಣೆ ಅವಳ ಕಚೇರಿ. ಹೊಲಿಗೆ ಯಂತ್ರದ ಸದ್ದಿನ ನಡುವೆಯೇ ನಾವಿಬ್ಬರೂ ಕುಳಿತು ಕೆಲಸ ಆರಂಭಿಸಿದೆವು. ಆರಂಭದ ದಿನವೇ ಜಗಳವಾಡಿದೆವು.

ಜಗಳ ಇದ್ದದ್ದು ಅರ್ಜಿಯನ್ನು ನಿಭಾಯಿಸುವ ರೀತಿಯ ಬಗ್ಗೆ. ವೆಬ್‌ಸೈಟಿನಲ್ಲಿ ಒಂದು ಅರ್ಜಿ ತುಂಬಿಸಿಕೊಳ್ಳಲು ಮುಖ್ಯವಾಗಿ ಎರಡು ದಾರಿಗಳಿವೆ. ನನ್ನದು ಮೊದಲನೆಯದು: ಇಡೀ ಅರ್ಜಿ ಒಂದೇ ಪುಟದಲ್ಲಿ, ತುಂಬುವವಳ ಫೋನಿನೊಳಗೇ ಇರುತ್ತದೆ. ಅವಳು ಒತ್ತುವ ಪ್ರತಿ ಅಕ್ಷರವನ್ನೂ ನಮ್ಮ ಪ್ರೋಗ್ರಾಮು ಗಮನಿಸುತ್ತದೆ. ತಪ್ಪಾದರೆ ಕೆಂಪು, ಸರಿಯಾದರೆ ಹಸಿರು. ಎಲ್ಲವೂ ಹಸಿರಾದ ಮೇಲೆ ಒಂದೇ ಸಲ ನಮ್ಮ ಸರ್ವರಿಗೆ, ಅಂದರೆ ದೂರದ ಊರಿನಲ್ಲಿ ನಾವು ಬಾಡಿಗೆಗೆ ಹಿಡಿದ ಕಂಪ್ಯೂಟರಿಗೆ, ಬಂದು ತಲುಪುತ್ತದೆ. ಗೆಳತಿಯದು ಎರಡನೆಯದು, ಹಳೆಯದು: ಅರ್ಜಿಯನ್ನು ಸಣ್ಣ ಸಣ್ಣ ಪುಟಗಳಾಗಿ ಒಡೆಯುವುದು, ಒಂದೊಂದು ಪುಟ ತುಂಬಿದಾಗಲೂ ಬಟನ್ ಒತ್ತಿ ಸರ್ವರಿಗೆ ಕಳಿಸುವುದು, ತಪ್ಪುಗಳನ್ನು ಸರ್ವರೇ ನೋಡಿ ಹೇಳುವುದು.

"ತಪ್ಪಾದ ಕೂಡಲೇ ಹೇಳೂದು ನ್ಯಾಯ," ಎಂದು ನಾನು ವಾದಿಸಿದೆ. "ಪುಟ ಪೂರಾ ತುಂಬಿದ ಮ್ಯಾಲ ವಾಪಸ್ ಕಳಿಸೂದು ದಫ್ತರದ ಗುಮಾಸ್ತನ ಕೆಲಸ. ನಾವು ಅದನ್ನಽ ಬಿಡಿಸಾಕ ಹೊಂಟೇವಿ."

"ಅಕ್ಕಾ, ಕೂಡಲೇ ಹೇಳ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಪಾಪ, ಆಕಿ ಹೆಸರಿಂದು ಒಂದಕ್ಷರ ಒತ್ತೂದ್ರಾಗ 'ಹೆಸರು ಪೂರ್ತಿ ಬರೆಯಿರಿ' ಅಂತ ಕೆಂಪ ಬರತೈತಿ. ಪೂರಾ ಬರಿಯಾಕ ಆಕಿಗೆ ಪುರಸೊತ್ತು ಕೊಡ್ರಿ ಮೊದಲ! ಇದು ಅರ್ಜಿನೋ, ಅತ್ತಿಮನಿನೋ?"

ಹೊರಗೆ ಅವಳ ತಂದೆ ಹೊಲಿಗೆ ಯಂತ್ರ ನಿಲ್ಲಿಸಿ ನಕ್ಕದ್ದು ಕೇಳಿಸಿತು.

ಕೆಲವು ದಿನ ಹೀಗೇ ನಡೆಯಿತು. ಅವಳು ಒಂದು ಮಾತಿಗೆ ಉತ್ತರಿಸುವಷ್ಟರಲ್ಲಿ ನಾನು ಮೂರು ಆಧಾರ ಮುಂದಿಡುತ್ತಿದ್ದೆ. ಕೊನೆಗೊಂದು ಮಧ್ಯಾಹ್ನ ಅವಳು ಲ್ಯಾಪ್‌ಟಾಪ್ ಮುಚ್ಚಿದಳು.

"ನೀವು ಮಾತಾಡಾಕ ನಿಂತ್ರ ನಾ ಗೆಲ್ಲೂದಿಲ್ಲಕ್ಕಾ. ನಂದು ಖರೇ ಇದ್ರೂ ಸೋಲ್ತೈತಿ. ಒಂದ್ ಕೆಲಸ ಮಾಡೂಣು. ನೀವು ನನ್ನ ಕಡೆ ವಕಾಲತ್ತು ಹಿಡೀರಿ. ನಾ ನಿಮ್ಮ ಕಡೆ. ವಕೀಲ್ರ ಮುಂದ ಮಾತಾಡೂಣು."

ಅವಳು ಅದನ್ನು ಚೇಷ್ಟೆಯಾಗಿ ಹೇಳಿದ್ದಳು. ನಾನು ಗಂಭೀರವಾಗಿ ಒಪ್ಪಿಕೊಂಡೆ. ನಮ್ಮ ಕಾಲೇಜಿನಲ್ಲಿ ಅದು ಅಭ್ಯಾಸವೇ ಆಗಿತ್ತು: ಸ್ಪರ್ಧೆಗೆ ಹೋಗುವ ಮುನ್ನ ಗುರುಗಳು ನಮ್ಮ ಪಕ್ಷಗಳನ್ನು ಅದಲುಬದಲು ಮಾಡಿ ನಿಲ್ಲಿಸುತ್ತಿದ್ದರು. ಎದುರಾಳಿಯ ಮಾತನ್ನು ಎದುರಾಳಿಗಿಂತ ಚೆನ್ನಾಗಿ ಹೇಳಲು ಬಾರದವನಿಗೆ ಅವರು ವೇದಿಕೆ ಕೊಡುತ್ತಿರಲಿಲ್ಲ. ಸ್ವಂತ ನಂಬಿಕೆಯನ್ನು ಪರೀಕ್ಷಿಸಿಕೊಳ್ಳಲು ಇದಕ್ಕಿಂತ ಪ್ರಾಮಾಣಿಕ ವಿಧಾನ ನನಗೆ ಇಂದಿಗೂ ಗೊತ್ತಿಲ್ಲ.

ಹೀಗೆ ಗೆಳತಿಯ ಪಕ್ಷಕ್ಕೆ ಸಾಕ್ಷ್ಯ ಹುಡುಕುತ್ತ ನಾನು ಕುಷ್ಟಗಿಯ ಬಸ್ಸು ಹತ್ತಿದೆ. ನನ್ನ ಪಕ್ಷಕ್ಕೆ ಸಾಕ್ಷ್ಯ ಹುಡುಕುತ್ತ ಅವಳು ಗಂಗಾವತಿಗೆ ಹೋದಳು. ಎರಡೂ ಬಗೆಯ ಅರ್ಜಿಗಳ ಮಾದರಿಗಳು ಆ ವೇಳೆಗೆ ಸಿದ್ಧವಾಗಿದ್ದವು.

ನಾನು ನೇರವಾಗಿ ಹಿಂದಿನ ವರ್ಷ ಜಾಗ ತಪ್ಪಿದ ಹುಡುಗಿಯ ಮನೆಗೇ ಹೋದೆ. ಕುಷ್ಟಗಿಯಿಂದ ಟಂಟಂ ಆಟೋದಲ್ಲಿ ಸ್ವಲ್ಪ ದೂರದ ಹಳ್ಳಿ. ಅವಳು ಬೀಜದ ಪ್ಲಾಟಿನಲ್ಲಿ ಹತ್ತಿ ಹೂಗಳನ್ನು ಕ್ರಾಸಿಂಗ್ ಮಾಡುವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಒಂದೊಂದಾಗಿ ಮುಟ್ಟಿಸುವ ಆ ಕೆಲಸದಿಂದ ಬೆರಳ ತುದಿಗಳು ಹಳದಿಯಾಗಿದ್ದವು. ಈ ವರ್ಷ ಮತ್ತೆ ಅರ್ಜಿ ಹಾಕುವುದಾದರೆ ಈಗ ನನ್ನೆದುರು ಒಮ್ಮೆ ತುಂಬಿ ನೋಡು ಎಂದೆ. ಕೈ ತೊಳೆದು, ತಾಯಿ ಸೀರೆಯ ಸೆರಗಿನಂಚಿನಲ್ಲಿ ಕಟ್ಟಿಕೊಂಡಿದ್ದ ಫೋನನ್ನು ಇಸಿದುಕೊಂಡು ಕುಳಿತಳು.

"ಅಂಗಡ್ಯಾಗಾದ್ರ ಅಂವನಽ ತುಂಬ್ತಾನಲ್ರಿ," ಎಂದಳು ತಾಯಿ. "ಇದಕ್ಕ ಇದೆಲ್ಲಾ ತಿಳೀತೈತೇನ್ರಿ?"

"ತಿಳೀತೈತಿ ಸುಮ್ನಿರ ಬೇ," ಎಂದಳು ಮಗಳು.

ಮೊದಲು ನನ್ನ ಅರ್ಜಿಯನ್ನು ತೆರೆದುಕೊಟ್ಟೆ. ಅವಳು ಚುರುಕಾಗಿ ತುಂಬಿದಳು. ಹುಟ್ಟಿದ ದಿನಾಂಕ ತಪ್ಪಿದಾಗ ಕೆಂಪು ಬಂತು, ಕೂಡಲೇ ತಿದ್ದಿಕೊಂಡಳು. ಒಂದೊಂದೇ ಹಸಿರು ಗುರುತು ಕಂಡಾಗ ತಾಯಿಯ ಕಡೆ ವಾರೆನೋಟ ಬೀರುತ್ತಿದ್ದಳು. ನಾನು ಬಂದದ್ದು ಎದುರು ಪಕ್ಷಕ್ಕಾಗಿ ಎಂಬುದನ್ನು ಮರೆತು ಒಳಗೊಳಗೇ ಹಿಗ್ಗಿದೆ. ಕೊನೆಯಲ್ಲಿ ಅಂಕಪಟ್ಟಿಯ ಫೋಟೊ ತೆಗೆಯಬೇಕಿತ್ತು. ಬಟನ್ ಒತ್ತಿದಳು, ಕ್ಯಾಮೆರಾ ತೆರೆಯಿತು. ಅಂಕಪಟ್ಟಿಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಹಿಡಿದು ಫೋಟೊ ತೆಗೆದಳು. ಹಿಂದಿರುಗಿದಾಗ ಅರ್ಜಿ ಖಾಲಿ.

ಅದು ಹಳೆಯ, ಕಡಿಮೆ ಮೆಮೊರಿಯ ಫೋನು. ಕ್ಯಾಮೆರಾಗೆ ಜಾಗ ಮಾಡಿಕೊಡಲು ಅದು ಅರ್ಜಿಯ ಪುಟವನ್ನೇ ಮುಚ್ಚಿಬಿಟ್ಟಿತ್ತು. ಎಲ್ಲವೂ ಆ ಪುಟದೊಳಗೇ ಇದ್ದ ಕಾರಣ ಪುಟದೊಂದಿಗೆ ಎಲ್ಲವೂ ಹೋಯಿತು. ಅವಳು ತುಟಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ತುಂಬಿದಳು. ಮತ್ತೆ ಕ್ಯಾಮೆರಾ, ಮತ್ತೆ ಖಾಲಿ.

"ಅಕ್ಕಾರ, ನಾ ಏನರ ತಪ್ಪ ಒತ್ತಿದ್ನೇನ್ರಿ?"

"ನಾ ಹೇಳ್ಲಿಲ್ಲ?" ಎಂದಳು ತಾಯಿ. "ಇದು ನಿನ್ನ ಕೈಲಿ ಆಗೂ ಮಾತಲ್ಲ. ಫಾರ್ಮ ತುಂಬಾಕ ಬರೂದಿಲ್ಲ, ಕೊಪ್ಪಳಕ್ಕ ಹೋಗಿ ಒಬ್ಬಾಕಿನಽ ಹೆಂಗ ಇರ್ತಿ?"

ಹುಡುಗಿ ಫೋನನ್ನು ಕಟ್ಟೆಯ ಮೇಲಿಟ್ಟಳು. ಆ ಹೊತ್ತಿನಲ್ಲಿ ನನಗೆ ಸ್ಪಷ್ಟವಾದದ್ದನ್ನು ಇಲ್ಲಿ ನೇರವಾಗಿ ಹೇಳಬೇಕು. ಫೋನಿನ ದೌರ್ಬಲ್ಯವನ್ನು ಅರ್ಜಿ ತಾಳಿಕೊಳ್ಳದಿದ್ದರೆ ಅದರ ಹೊಣೆ ತುಂಬುವವಳ ತಲೆಗೆ ಬರುತ್ತದೆ. ಹಸಿರು ಗುರುತುಗಳು ಕೊಟ್ಟ ಧೈರ್ಯವನ್ನು ಒಂದು ಖಾಲಿ ಪುಟ ಕಿತ್ತುಕೊಂಡಿತ್ತು. ಸೋಲು ನನ್ನ ವಿಧಾನದ್ದು; ಆದರೆ ಅದನ್ನು ತನ್ನದೆಂದು ನಂಬಿ ಕುಳಿತವಳು ಅವಳು.

"ತಪ್ಪು ನಿಂದಲ್ಲವ್ವಾ, ಅರ್ಜೀದು," ಎಂದು ಹೇಳಿ ಗೆಳತಿಯ ಅರ್ಜಿಯನ್ನು ತೆರೆದೆ. ಅವಳು ಒಲ್ಲದ ಮನಸ್ಸಿನಿಂದಲೇ ಮೊದಲ ಪುಟ ತುಂಬಿ 'ಉಳಿಸಿ, ಮುಂದೆ' ಎಂಬ ಬಟನ್ ಒತ್ತಿದಳು. ಎರಡನೆಯ ಪುಟ. ಮತ್ತೊಂದು. ಕ್ಯಾಮೆರಾ ತೆರೆದಾಗ ಫೋನು ಈ ಸಲವೂ ಪುಟವನ್ನು ಮುಚ್ಚಿತು. ಆದರೆ ತಿರುಗಿ ಬಂದು ತನ್ನ ನಂಬರನ್ನೂ ತಾನೇ ಆರಿಸಿಕೊಂಡಿದ್ದ ಗುಟ್ಟಿನ ಪದವನ್ನೂ ಬರೆದಾಗ ತುಂಬಿದ್ದೆಲ್ಲ ತುಂಬಿದಂತೆಯೇ ಇತ್ತು. ಅದು ಫೋನಿನಲ್ಲಿ ಇರಲಿಲ್ಲ. ಆಗಲೇ ಸರ್ವರನ್ನು ಸೇರಿತ್ತು.

"ಐತ್ರಿ! ಇಲ್ಲೇ ಐತ್ರಿ!" ಎಂದು ಫೋನನ್ನು ತಾಯಿಯ ಮುಖಕ್ಕೆ ಹಿಡಿದಳು. ಫೋಟೊವನ್ನು ಇನ್ನೊಮ್ಮೆ ತೆಗೆಯಬೇಕಾಯಿತು, ಅಷ್ಟೇ.

ಮುಂದಿನ ಪುಟಕ್ಕೆ ಆದಾಯ ಪ್ರಮಾಣಪತ್ರ ಬೇಕಿತ್ತು. ತಾಯಿ ಪ್ಲಾಸ್ಟಿಕ್ ಚೀಲದಲ್ಲಿನ ಕಾಗದಗಳನ್ನೆಲ್ಲ ಹರವಿ ಹುಡುಕಿದಳು; ಆಮೇಲೆ ಹಣೆ ತಟ್ಟಿಕೊಂಡಳು. "ಅದು ಯಲಬುರ್ಗಾದಾಗ ನಮ್ಮ ಅಣ್ಣನ ಮನ್ಯಾಗ ಐತ್ರಿ. ಬ್ಯಾರೆ ಅರ್ಜಿಗೆ ಬೇಕು ಅಂತ ಅಲ್ಲೇ ಕೊಟ್ಟು ಬಂದೇನಿ."

ನಾನು ಕಂಡಂತೆ ನಮ್ಮ ಕಡೆಯ ಪ್ರತಿ ಮನೆಯ ಒಂದಲ್ಲ ಒಂದು ಕಾಗದ ಹೀಗೆಯೇ ನೆಂಟರ ಮನೆಯಲ್ಲಿರುತ್ತದೆ. ಅರ್ಜಿಯೆಂಬುದು ಇಲ್ಲಿ ಒಂದೇ ಸಲ ಕೂತು ಮುಗಿಸುವ ಕೆಲಸವಲ್ಲ. ಒಂದು ಊರಿನಲ್ಲಿ ಮೊದಲಾಗಿ ಇನ್ನೊಂದು ಊರಿನಲ್ಲಿ ಮುಗಿಯುವಂಥದು. ಅಂಗಡಿಯವರಿಗೆ ಇದು ಗೊತ್ತು, ಅದಕ್ಕೇ ಅವರು ಅರ್ಧ ತುಂಬಿದ ಅರ್ಜಿಗಳನ್ನು ತಮ್ಮ ಕಂಪ್ಯೂಟರಿನಲ್ಲಿ ಹಾಗೇ ತೆರೆದಿಟ್ಟುಕೊಳ್ಳುತ್ತಾರೆ. ಹುಡುಗಿಗೂ ಆ ಸೌಕರ್ಯ ಸಿಗಬೇಕಾದರೆ ಅವಳ ಅರ್ಧ ಅರ್ಜಿಯನ್ನು ಯಾರಾದರೂ ಕಾದಿಡಬೇಕು. ಆ ಯಾರಾದರೂ ನಮ್ಮ ಸರ್ವರೇ ಆಗಬೇಕು. ಕೊಪ್ಪಳಕ್ಕೆ ಮರಳುವ ಬಸ್ಸಿನಲ್ಲಿ ನನ್ನ ಭಾಷಣ ಪೂರ್ತಿ ಸಿದ್ಧವಾಯಿತು.

ಚರ್ಚೆ ನಡೆದದ್ದು ಭಾನುವಾರ ವಕೀಲರ ಮನೆಯಲ್ಲಿ. ಅವರ ಮನೆಯವರು ಮಂಡಾಳ ಒಗ್ಗರಣೆ, ಮಿರ್ಚಿ ತಂದಿಟ್ಟರು. ನಾನು ಎದ್ದುನಿಂತು ಮಾತನಾಡಿದೆ. ಕುಳಿತು ವಾದಿಸುವುದು ನನಗೆ ಬಾರದು. ಕ್ಯಾಮೆರಾದ ಕಥೆ, ಯಲಬುರ್ಗಾದಲ್ಲಿ ಉಳಿದ ಕಾಗದದ ಕಥೆ, ಹುಡುಗಿ ಕೇಳಿದ ಪ್ರಶ್ನೆ, ಎಲ್ಲವನ್ನೂ ಹೇಳಿದೆ. ಗೆಳತಿಯ ವಿಧಾನವೇ ಸರಿಯೆಂದು ಸಾಧಿಸಿದೆ.

ಗೆಳತಿ ಬಿಡಲಿಲ್ಲ. "ಅಕ್ಕ ಅಂದದ್ದು ಬರೇ ಒಂದು ಮುಖ," ಎಂದು ನನ್ನದೇ ಧಾಟಿಯಲ್ಲಿ ಶುರುಮಾಡಿದಳು. "ಗಂಗಾವತಿಯಾಗ ನನ್ನ ಅರ್ಜಿ ಒಬ್ಬಾಕಿಗೆ ಕೊಟ್ಟೆ. ಆಕಿ ನೂರಕ್ಕ ಇಷ್ಟು ಅಂತ ಬರೀಬೇಕಾದಲ್ಲಿ ಒಟ್ಟು ಅಂಕ ಬರದು ಬಟನ್ ಒತ್ತಿದ್ಲು. ನೆಟ್‌ವರ್ಕ್ ಇಲ್ಲ, ಪುಟ ಗಿರಿಗಿರಿ ತಿರಗತೈತಿ. ನಾವು ಚಾ ಕುಡದು ಬಂದ್ವಿ, ಇನ್ನೂ ತಿರಗತೈತಿ! ಆಮ್ಯಾಲ 'ತಪ್ಪಾಗಿದೆ' ಅಂತು. ಆಕಿ ಕೇಳಿದ್ಲು, ಇದನ್ನ ಮೊದಲಽ ಹೇಳಾಕ ಏನಾಗಿತ್ರಿ ಅಂತ. ನಾ ಏನ್ ಹೇಳ್ಲಿ ಸರ? ಅಕ್ಕನ ಅರ್ಜಿ ಮೊದಲಽ ಹೇಳ್ತಿತ್ತು."

ನಾನು ಅದಕ್ಕೆ ಉತ್ತರ ಕೊಟ್ಟೆ. ಅವಳು ನನ್ನ ಉತ್ತರಕ್ಕೆ ಉತ್ತರ ಕೊಟ್ಟಳು. ಧ್ವನಿಗಳು ಏರಿದವು. ವಕೀಲರು ಮಿರ್ಚಿಯನ್ನು ಅರ್ಧಕ್ಕೇ ಇಟ್ಟು ಕೈ ಎತ್ತಿದರು.

"ಅಲ್ಲಾ, ಕೋರ್ಟಿನ್ಯಾಗ ನಾ ಎಂಥೆಂಥಾವ್ರನ್ನ ನೋಡೇನಿ. ತನ್ನ ಕೇಸು ಸೋಲಾಕಂತ ಇಷ್ಟು ಬಡದಾಡೂ ವಕೀಲ್ರನ್ನ ಇವತ್ತಽ ನೋಡಿದೆ." ನಗು ಮುಗಿದ ಮೇಲೆ ಅವರ ಮುಖ ಗಂಭೀರವಾಯಿತು. "ಕೆಂಪು ಹಸರು ನಿಮಗ ಬಿಟ್ಟದ್ದು. ನಂಗ ಒಂದಽ ಹೇಳ್ರಿ. ಮತ್ತ ಅಂಗಡ್ಯಾಂವ ತನ್ನ ನಂಬರ್ ಹಾಕಿದ್ರ ಹೆಂಗ ಹಿಡೀತೀರಿ?"

ಗೆಳತಿಯೇ ಮೊದಲು ಮಾತನಾಡಿದಳು. ನಿಧಾನವಾಗಿ, ಈ ಸಲ ಯಾರ ಪಕ್ಷವನ್ನೂ ಹಿಡಿಯದೆ.

"ಆ ಪುಟಕ್ಕ ತನ್ನದಷ್ಟಽ ಗೊತ್ತಿರತೈತ್ರಿ ಸರ. ಇದಽ ನಂಬರ್ ಬ್ಯಾರೆಯಾಕಿ ಅರ್ಜ್ಯಾಗೂ ಐತಿ ಅಂತ ಆ ಫೋನಿಗೆ ಹೆಂಗ ಗೊತ್ತಾಗಬೇಕು? ಅದು ಸರ್ವರಿಗಷ್ಟಽ ಗೊತ್ತು."

"ಅಂದ ಮ್ಯಾಲ ಸರ್ವರಽ ನೋಡಬೇಕು," ಎಂದೆ ನಾನು. "ಹೆಂಗೂ ಅದಽ ನೋಡಬೇಕಂದ್ರ, ಎಲ್ಲಾ ಪರೀಕ್ಷಾನೂ ಅಲ್ಲೇ ಆಗ್ಲಿ. ಕೂಡಲೇ ಹೇಳೂದೇನೈತಿ, ಅದು ಮ್ಯಾಲಿನ ಸಹಾಯ. ಇದ್ರ ಛಲೋ, ಇರದಿದ್ರೂ ಅರ್ಜಿ ನಿಲ್ಲಬಾರದು."

ನಮ್ಮ ಆಯ್ಕೆ ಹೀಗೆ ನಿಶ್ಚಯವಾಯಿತು. ಅರ್ಜಿಯ ಬೆನ್ನೆಲುಬು ಗೆಳತಿಯದು: ಸಣ್ಣ ಪುಟಗಳು, ಪ್ರತಿ ಪುಟವೂ ಸರ್ವರಿನಲ್ಲಿ ಭದ್ರ, ತೀರ್ಪು ಸರ್ವರಿನದು. ನನ್ನದರಲ್ಲಿ ಉಳಿದದ್ದು ಎರಡೇ ಕಡೆ, ದಿನಾಂಕದಲ್ಲಿ ಮತ್ತು ಅಂಕಗಳಲ್ಲಿ. ಅದೂ ಬರೆದು ಮುಗಿಸಿದ ಮೇಲೆ ಮಾತ್ರ ಮೆಲ್ಲಗೆ ಎಚ್ಚರಿಸುವಷ್ಟು. ಪ್ರೀತಿಯಿಂದ ಬರೆದಿದ್ದ ಪ್ರೋಗ್ರಾಮಿನ ಪುಟಗಟ್ಟಲೆ ಸಾಲುಗಳನ್ನು ಮರುದಿನ ನಾನೇ ಅಳಿಸಿದೆ. ನನಗೆ ಬೇಕಾಗಿದ್ದದ್ದು ನನ್ನ ವಿಧಾನದ ಗೆಲುವಲ್ಲ. ಹುಡುಗಿಯ ಕೈಯಲ್ಲಿ ಅರ್ಜಿ ಮುಗಿಯುವುದು.

ಒಂದೇ ನಂಬರು ಎರಡನೆಯ ಅರ್ಜಿಯಲ್ಲಿ ಬಂದರೆ ಅದನ್ನು ತಿರಸ್ಕರಿಸಬೇಕೆಂದು ನಾನು ಹಟ ಹಿಡಿದಿದ್ದೆ. ಗೆಳತಿ ತಡೆದಳು. ಗಂಗಾವತಿಯ ಒಂದೇ ಮನೆಯಲ್ಲಿ ಅಕ್ಕತಂಗಿಯರೂ ಚಿಕ್ಕಪ್ಪನ ಮಗಳೂ ಒಂದೇ ಫೋನಿನಿಂದ ತುಂಬಿದ್ದನ್ನು ಅವಳು ಕಂಡು ಬಂದಿದ್ದಳು. "ಮೂರು ಮಂದೀನ್ನೂ ಕಳ್ಳರನ್ನ ಮಾಡ್ತೀರೇನಕ್ಕಾ? ಬಾಗಲಾ ಹಾಕಬ್ಯಾಡ್ರಿ, ಕೇಳ್ರಿ." ಆದ್ದರಿಂದ ಮರುಕಳಿಸಿದ ನಂಬರನ್ನು ಸರ್ವರು ನಮಗೆ ತೋರಿಸಿತಷ್ಟೇ; ಅರ್ಜಿ ಮಾತ್ರ ಎಲ್ಲರನ್ನೂ ಕೇಳಿತು: 'ಇದು ಯಾರ ಫೋನು? ನನ್ನದು, ಮನೆಯವರದು, ಅಂಗಡಿಯವರದು.' ಅಂಗಡಿಯವರದು ಎಂದರೂ ಅರ್ಜಿ ನಿಲ್ಲುತ್ತಿರಲಿಲ್ಲ. ಕೊನೆಯ ದಿನದೊಳಗೆ ಮನೆಯವರದೊಂದು ನಂಬರು ಸೇರಿಸಲು ಹೇಳುತ್ತಿತ್ತು. ಅದರ ಕೆಳಗೆ ಇನ್ನೊಂದು ಪ್ರಶ್ನೆ: 'ಯಾವ ಹೊತ್ತಿಗೆ ಕರೆದರೆ ನೀವೇ ಸಿಗುತ್ತೀರಿ?' ಹಿಂದಿನ ವರ್ಷದ ಅರ್ಜಿಯಂತೆ ಅರ್ಧದಲ್ಲೇ ತಡೆಯುವ ಓಟಿಪಿಯನ್ನು ನಾವು ಇಟ್ಟುಕೊಳ್ಳಲೇ ಇಲ್ಲ.

ಅರ್ಜಿ ಆರಂಭವಾದ ಮೇಲೆ ನಾವಿಬ್ಬರೂ ಊರೂರು ತಿರುಗಿದೆವು. ಹುಲಿಗಿಯ ದೇವಿಯ ದರ್ಶನಕ್ಕೆ ಹುಣ್ಣಿಮೆಗೆ ಬಂದ ಜನ ಬಸ್ಸಿಗೆ ಕಾಯುವಲ್ಲಿ ನಿಂತು, ಹೆಣ್ಣುಮಕ್ಕಳ ತಾಯಂದಿರನ್ನು ಹುಡುಕಿ ಹುಡುಕಿ ಮಾತನಾಡಿಸಿದೆವು. "ದೇವಿ ದರ್ಶನಕ್ಕ ಬಂದಾವ್ರು ನಿಮ್ಮ ಭಾಷಣ ಕೇಳಿ ಹೊಂಟಾರ," ಎಂದು ಗೆಳತಿ ಕಾಡುತ್ತಿದ್ದಳು; ಕಾಡುತ್ತಲೇ ತಾನೂ ಇನ್ನೊಬ್ಬ ತಾಯಿಯ ಫೋನಿನಲ್ಲಿ ನಮ್ಮ ವೆಬ್‌ಸೈಟನ್ನು ತೆರೆದುಕೊಡುತ್ತಿದ್ದಳು.

ಅರ್ಜಿಗಳು ಬಂದವು. ಎಲ್ಲವೂ ಹುಡುಗಿಯರೇ ತುಂಬಿದವು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಂಗಡಿಯ ನಂಬರುಗಳು ಈ ಸಲವೂ ಕಂಡವು. ಅವುಗಳಲ್ಲಿ ಕೆಲವಕ್ಕೆ ಆಮೇಲೆ ಮನೆಯ ನಂಬರು ಸೇರಿತು, ಕೆಲವಕ್ಕೆ ಸೇರಲಿಲ್ಲ. ಸೇರದ ಮನೆಗಳಿಗೆ ನಾನೇ ಹೋಗಿ ಬರಬೇಕೆಂದು ನಿಶ್ಚಯಿಸಿದೆ. ಕುಷ್ಟಗಿಯ ಹುಡುಗಿಯ ಅರ್ಜಿ ಹಲವು ದಿನ ಅರ್ಧಕ್ಕೇ ನಿಂತಿತ್ತು. ಪ್ರತಿ ಬೆಳಿಗ್ಗೆ ನಾನು ಮೊದಲು ನೋಡುತ್ತಿದ್ದದ್ದು ಅದನ್ನೇ. ಆದಾಯ ಪ್ರಮಾಣಪತ್ರದ ಪುಟ ಖಾಲಿಯಾಗಿಯೇ ಇರುತ್ತಿತ್ತು.

"ನೀವಽ ಒಂದ್ ಫೋನ್ ಮಾಡಿ ನೆನಪ ಮಾಡ್ರಲ್ಲಾ," ಎಂದಳು ಗೆಳತಿ.

ಮಾಡಲಿಲ್ಲ. ಒಬ್ಬಳಿಗೆ ಮಾತ್ರ ನೆನಪಿಸುವುದು ಉಳಿದವರಿಗೆ ಅನ್ಯಾಯ.

ಕೊನೆಯ ದಿನಕ್ಕೆ ಸ್ವಲ್ಪ ಮುಂಚೆ ಆ ಪುಟ ತುಂಬಿತು. ಪತ್ರದ ಫೋಟೊ ಯಾವುದೋ ಹೊಸ ಫೋನಿನಲ್ಲಿ ತೆಗೆದಂತೆ ಚೊಕ್ಕಟವಾಗಿತ್ತು, ಯಲಬುರ್ಗಾದ ಸೋದರಮಾವನದಿರಬೇಕು. ನಂಬರು ಮಾತ್ರ ಅವಳ ಮನೆಯದೇ. 'ಯಾರ ಫೋನು' ಎಂಬಲ್ಲಿ 'ಮನೆಯವರದು'. 'ಯಾವ ಹೊತ್ತಿಗೆ' ಎಂಬಲ್ಲಿ ಅವಳು ಬರೆದಿದ್ದಳು: 'ಸಂಜೀಕ ದೀಪಾ ಹಚ್ಚಿದ ಮ್ಯಾಲ ಮಾಡ್ರಿ. ನಾನೇ ಎತ್ತತೇನಿ.'

ಸಂದರ್ಶನಕ್ಕೆ ಕರೆಯುವ ದಿನ ನಾವು ವಕೀಲರ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ದೇವರ ಮನೆಯಲ್ಲಿ ದೀಪ ಬೆಳಗಿದ್ದನ್ನು ನೋಡಿ ಫೋನ್ ಕೈಗೆತ್ತಿಕೊಂಡೆ.

"ಸ್ಪೀಕರ್ ಹಾಕ್ರಿ ಅಕ್ಕಾ, ಸರಗೂ ಕೇಳ್ಲಿ," ಎಂದಳು ಗೆಳತಿ.

ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು. ವಕೀಲರು ನನ್ನ ಮುಖ ನೋಡಿದರು. ನಾನು ಫೋನನ್ನೇ ನೋಡುತ್ತಿದ್ದೆ. ಆಮೇಲೆ ಆ ಕಡೆಯಿಂದ ಪಾತ್ರೆಯ ಸದ್ದು, ಓಡಿಬಂದ ಉಸಿರು.

"ಯಾರ್ರಿ?"

ವಸತಿನಿಲಯದಿಂದ ಮಾತನಾಡುತ್ತಿದ್ದೇನೆ, ಅರ್ಜಿ ಹಾಕಿದ ಹುಡುಗಿ ಬೇಕಿತ್ತು ಎಂದೆ.

"ನಾನಽ ರೀ, ನಾನಽ ಮಾತಾಡಾಕತ್ತೇನಿ," ಎಂದಿತು ಧ್ವನಿ. ಬಳಿಕ ಒಳಗೆ ಯಾರಿಗೋ, "ಯವ್ವಾ, ನಂಗಽ ಬಂದೈತಿ, ಪೆನ್ ಕೊಡ ಬೇ," ಎಂದು, ಮತ್ತೆ ನನಗೆ: "ಹೇಳ್ರಿ ಅಕ್ಕಾರ, ಯಾವತ್ತು ಬರಬೇಕು? ನಾನಽ ಬರಕೊಳ್ತೇನಿ."